ಮೂರು ಚೆಂಡಿನ ಡಬ್ಬಿಯಿಂದ ಬಿಪಿ ಇಳಿಯುತ್ತಾ?

ಪ್ರಶ್ನೆ: ನನಗೆ 58 ವರ್ಷ. ಬೀದರಿನ ಗಾಂಧಿ ಗಂಜ್‌ನಲ್ಲಿ ಕಿರಾಣಿ ಅಂಗಡಿ ಇದೆ. ನಾಲ್ಕು ವರ್ಷದಿಂದ ಬಿಪಿ. ದಿನಾ ಅಮ್ಲೋಡಿಪಿನ್ 5 ಮಿ.ಗ್ರಾಂ ಮಾತ್ರೆ ತಗೊಳ್ಳುತ್ತೇನೆ. ಆದರೂ ಅಂಗಡಿಯಲ್ಲಿ ಮಷಿನ್ ಇಟ್ಟು ನೋಡಿದರೆ 148/92, 150/90 ಹೀಗೇ ಬರುತ್ತದೆ. ಮಾತ್ರೆ ತಗೊಂಡರೆ ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಮೊಣಕಾಲು ನೋವಿನಿಂದ ವಾಕಿಂಗ್ ಆಗುವುದಿಲ್ಲ. ದಿನಕ್ಕೆ ಐದು ನಿಮಿಷ ಉಸಿರು ಎಳೆಯುವ ವ್ಯಾಯಾಮ ಮಾಡಿದರೆ ಬಿಪಿ ಇಳಿಯುತ್ತದೆ ಎಂದು ಮಗ ಹೇಳುತ್ತಾನೆ. ಕೊರೊನಾ ಸಮಯದಲ್ಲಿ ಆಸ್ಪತ್ರೆಯಲ್ಲಿ ಕೊಟ್ಟ ಮೂರು ಚೆಂಡಿನ ಡಬ್ಬಿ ಮನೆಯಲ್ಲೇ ಇದೆ. ಅದನ್ನೇ ಮಾಡಿದರೆ ಸಾಕಾ? ಮಾತ್ರೆ ಬಿಡಬಹುದಾ? ನಮ್ಮ ಮನೆಯವರಿಗೂ ಬಿಪಿ ಇದೆ, ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಆಗಿದೆ. ಇಬ್ಬರೂ ಒಂದೇ ಯಂತ್ರ ಬಳಸಬಹುದಾ?

ಉತ್ತರ: ಸಾಹುಕಾರರೇ, ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಮನೆಯಲ್ಲಿರುವ ಡಬ್ಬಿ ಆ ಕೆಲಸಕ್ಕೆ ಬರುವುದಿಲ್ಲ. ಮಾತ್ರೆಯ ವಿಷಯ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ನಾಳೆ ಬೆಳಗಿನ ಮಾತ್ರೆಯನ್ನು ನಾಳೆ ಬೆಳಗ್ಗೆ ನುಂಗಿಬಿಡಿ.

ನಾನು ಕಲಬುರಗಿಯಲ್ಲಿ ಫಿಜಿಯೋಥೆರಪಿ ಮಾಡುವವನು. ನನ್ನಲ್ಲಿಗೆ ಬರುವವರಲ್ಲಿ ದಮ್ಮಿನವರು, ಎದೆ ಆಪರೇಷನ್ ಆದವರು ಜಾಸ್ತಿ. ಕೊರೊನಾ ಬಂದು ಹೋದ ಮೇಲೆ ಈ ಮೂರು ಚೆಂಡಿನ ಡಬ್ಬಿ ಮನೆಮನೆಯಲ್ಲೂ ಕಾಣುತ್ತದೆ. ಟಿವಿ ಮೇಲೆ ಇರುತ್ತದೆ, ಗೋಡೆಯ ಮಾಡದಲ್ಲಿ ಇರುತ್ತದೆ. ಒಬ್ಬರ ಮನೆಯಲ್ಲಂತೂ ಪೈಪ್ ಕಿತ್ತು ಹಾಕಿ ಅದರಲ್ಲಿ ಪೆನ್ನು ಸಿಗಿಸಿದ್ದರು. ಅದರ ಹೆಸರು ಇನ್ಸೆಂಟಿವ್ ಸ್ಪೈರೋಮೀಟರ್. ಆಪರೇಷನ್ ಆದವರು, ಹಾಸಿಗೆ ಹಿಡಿದವರು ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತಾರೆ. ಆಗ ಶ್ವಾಸಕೋಶದ ಕೆಳಗಿನ ಭಾಗ ಮುದುಡಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲಿ ಅಂತ ಕೊಡುವ ಡಬ್ಬಿ ಅದು. ಚೆಂಡುಗಳು ಪ್ಲಾಸ್ಟಿಕ್ಕಿನವು, ಬಲು ಹಗುರ. ಉದ್ದಕ್ಕೆ ಉಸಿರು ಎಳೆದರೆ ಮೇಲೇಳುತ್ತವೆ. ಎಳೆಯಲು ಬಲ ಏನೂ ಬೇಕಾಗುವುದಿಲ್ಲ.

ಬಿಪಿಗೆ ಬೇಕಾಗಿರುವುದು ಆ ಬಲವೇ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರನ್ನು ನೋಡಿರುತ್ತೀರಿ. ಅವರು ತಿಂಗಳುಗಟ್ಟಲೆ ಬರಿಗೈ ಬೀಸಿ ತಯಾರಾಗಿ ಬಂದವರಲ್ಲ, ಭಾರ ಎತ್ತಿ ಎತ್ತಿ ಬಂದವರು. ಉಸಿರಿನ ಸ್ನಾಯುಗಳೂ ಹಾಗೆಯೇ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಆಕಾರದಲ್ಲಿ ವಪೆ ಅನ್ನುವ ಸ್ನಾಯು ಇದೆ. ಪಕ್ಕೆಲುಬುಗಳ ನಡುವೆ ಇನ್ನಷ್ಟು ಸಣ್ಣ ಸ್ನಾಯುಗಳಿವೆ. ಒಂದು ಚಿಕ್ಕ ಯಂತ್ರದಿಂದ ಗಾಳಿ ಒಳಗೆ ಬರುವ ದಾರಿಯನ್ನು ಬೇಕೆಂದೇ ಬಿಗಿ ಮಾಡಿ, ಇವು ಕಷ್ಟಪಟ್ಟು ಎಳೆಯುವಂತೆ ಮಾಡುವುದೇ ಈ ವ್ಯಾಯಾಮ. ಭಾರ ಹಾಕುವುದು ಎಳೆಯುವ ಉಸಿರಿಗೆ ಮಾತ್ರ. ಬಿಡುವ ಉಸಿರು ತನ್ನ ಪಾಡಿಗೆ ಹೋಗುತ್ತದೆ.

ಎಷ್ಟು ಭಾರ ಅಂತ ಕೇಳಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಡ್ರಮ್ಮಿನಿಂದ ಕೊಡಕ್ಕೆ ನೀರು ಇಳಿಸಲು ಪೈಪ್ ಹಾಕಿ ಬಾಯಿಂದ ಎಳೆಯುತ್ತೇವಲ್ಲ? ಡ್ರಮ್ಮು ತುಂಬಿದ್ದಾಗ ಒಂದು ಸಲ ಎಳೆದರೆ ನೀರು ಬಾಯಿಗೇ ಬರುತ್ತದೆ. ತಳದಲ್ಲಿ ಸ್ವಲ್ಪ ನೀರು ಉಳಿದಿದ್ದಾಗ ಎಳೆದು ನೋಡಿ, ಕಣ್ಣು ಹೊರಗೆ ಬರುತ್ತದೆ. ನೀರು ಎಷ್ಟು ಸೆಂಟಿಮೀಟರ್ ಮೇಲೆ ಹತ್ತಬೇಕೋ ಅಷ್ಟೂ ಭಾರ. ಉಸಿರಿನ ಬಲವನ್ನು ಅಳೆಯುವುದೂ ಹೀಗೆಯೇ, ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ. ಆರೋಗ್ಯವಾಗಿರುವ ಗಂಡಸು ಪೂರ್ತಿ ಜೋರು ಹಾಕಿ ಎಳೆದರೆ ಸುಮಾರು 100 ಸೆಂಟಿಮೀಟರ್ ಬರಬಹುದು. ಹೆಂಗಸರಿಗೆ 70-80. ವಯಸ್ಸಾದಂತೆ ಇದು ಕಡಿಮೆ ಆಗುತ್ತದೆ. ಬಿಪಿ ಇಳಿದದ್ದು ಈ ಬಲದ ಮುಕ್ಕಾಲು ಪಾಲು ಭಾರ ಇಟ್ಟು ಎಳೆದವರಲ್ಲಿ.

ಹಾಗಂತ ಪೈಪ್ ಹಿಡಿದು ಡ್ರಮ್ಮಿನ ಮುಂದೆ ಕೂರಬೇಡಿ. ನೀರು ಎಳೆಯುವಾಗ ನಾವು ಎದೆಯಿಂದ ಎಳೆಯುವುದಿಲ್ಲ, ಕೆನ್ನೆ ಒಳಗೆ ಹೋಗುವಂತೆ ಬಾಯಿಂದ ಹೀರುತ್ತೇವೆ. ವಪೆಗೆ ಅಲ್ಲಿ ಕೆಲಸವೇ ಇಲ್ಲ. ಕ್ಲಿನಿಕ್‌ನಲ್ಲಿ ಹೊಸಬರು ಮಾಡುವ ಮೊದಲ ತಪ್ಪೂ ಇದೇ, ಕೆನ್ನೆ ಗುಳಿ ಬೀಳುವಂತೆ ಹೀರುವುದು.

ಬೀದರಿನವರಾದ ನಿಮಗೆ ಇನ್ನೊಂದು ಉದಾಹರಣೆ ಹೇಳಲೇಬೇಕು. ಝರಣಿ ನರಸಿಂಹನ ಗುಹೆಗೆ ಹೋಗಿಯೇ ಇರುತ್ತೀರಿ. ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯುವಾಗ ಉಸಿರು ಎಳೆಯುವುದು ಸ್ವಲ್ಪ ತ್ರಾಸ ಅನಿಸಿರಬೇಕು. ಕತ್ತಲೆ, ಬಾವಲಿ ಅಂತ ಹೆದರಿಕೆಯೂ ಇರುತ್ತದೆ, ಅದು ಬೇರೆ ಮಾತು. ನೀರು ಸುತ್ತಲಿಂದ ಎದೆಯನ್ನೂ ಹೊಟ್ಟೆಯನ್ನೂ ಒತ್ತುತ್ತದೆ. ಎದೆ ಹಿಗ್ಗಬೇಕಾದರೆ ಆ ನೀರನ್ನು ಆಚೆಗೆ ತಳ್ಳಬೇಕು. ಉಸಿರಿಗೆ ಭಾರ ಅಂದರೆ ಏನು ಅಂತ ಮೈಗೆ ಗೊತ್ತಾಗುವುದು ಅಲ್ಲಿ. ಯಂತ್ರದ ಭಾರ ಅದಕ್ಕಿಂತ ಎಷ್ಟೋ ಜಾಸ್ತಿ.

ಈಗ ಆಧಾರ ಏನು ಅಂತ ನೋಡೋಣ. ಈ ವ್ಯಾಯಾಮ ಹೊಸದಲ್ಲ. 1980ರ ದಶಕದಿಂದಲೂ ದಮ್ಮಿನ ರೋಗಿಗಳಿಗೆ, ವೆಂಟಿಲೇಟರ್‌ನಿಂದ ಹೊರಗೆ ತರಬೇಕಾದವರಿಗೆ ಮಾಡಿಸುತ್ತಿದ್ದರು. ದಿನಕ್ಕೆ ಅರ್ಧ ಗಂಟೆ, ಕಡಿಮೆ ಭಾರ. ಆಮೇಲೆ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಫಿಯೋನಾ ಬೇಲಿ ಅವರ ತಂಡ ಲೆಕ್ಕವನ್ನು ತಿರುಗಿಸಿತು. ಭಾರ ಜಾಸ್ತಿ, ಹೊತ್ತು ಕಡಿಮೆ, ದಿನಕ್ಕೆ 30 ಉಸಿರು ಅಷ್ಟೇ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಹೀಗೆ ಮಾಡಿಸಿದಾಗ ಅವರ ಬಿಪಿ ಇಳಿಯಿತು. ಅದೇ ತಂಡ 2015ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಭಾರ ಇಲ್ಲದೆ ಬರೀ ದೊಡ್ಡ ದೊಡ್ಡ ಉಸಿರು ಎಳೆದವರ ಬಿಪಿ ಇಳಿಯಲಿಲ್ಲ. ಭಾರದ ಎದುರು ಉಸಿರಾಡಿದವರದು ಇಳಿಯಿತು. ಮೂರು ಚೆಂಡಿನ ಡಬ್ಬಿ ಮಾಡಿಸುವುದು ಈ ಮೊದಲನೆಯದನ್ನು.

ನಿಮ್ಮ ಮಗ ಓದಿರುವುದು ಬಹುಶಃ 2021ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. 50ರಿಂದ 79 ವರ್ಷದ 36 ಜನ, ಮೇಲಿನ ಬಿಪಿ 120 ದಾಟಿದವರು. ಅರ್ಧ ಜನಕ್ಕೆ ಮುಕ್ಕಾಲು ಪಾಲು ಭಾರ. ಇನ್ನರ್ಧ ಜನಕ್ಕೆ ಅದೇ ಯಂತ್ರ, ಆದರೆ ತೋರಿಕೆಗೆ ಅಷ್ಟೇ ಅನ್ನುವಷ್ಟು ಕಡಿಮೆ ಭಾರ. ವಾರಕ್ಕೆ ಆರು ದಿನ, ಆರು ವಾರ. ಭಾರ ಎಳೆದವರ ಮೇಲಿನ ಬಿಪಿ ಸರಾಸರಿ 9 ಪಾಯಿಂಟ್ ಇಳಿಯಿತು, 135 ಇದ್ದದ್ದು 126ಕ್ಕೆ ಬಂತು. ವ್ಯಾಯಾಮ ನಿಲ್ಲಿಸಿ ಆರು ವಾರ ಆದ ಮೇಲೂ ಲಾಭದ ಮುಕ್ಕಾಲು ಭಾಗ ಉಳಿದಿತ್ತು. ಯಾಕೆ ಇಳಿಯಿತು ಅಂದರೆ, ರಕ್ತನಾಳಗಳ ಒಳಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ವಸ್ತು ತಯಾರಾಗುತ್ತದೆ. ನಾಳ ಸಡಿಲಾಗಿ ಅಗಲವಾಗಲು ಅದು ಬೇಕು. ವಯಸ್ಸಾದಂತೆ ಅದು ಸಾಲದೆ ನಾಳ ಬಿಗಿಯಾಗುತ್ತದೆ. ಈ ವ್ಯಾಯಾಮ ಮಾಡಿದವರಲ್ಲಿ ಅದು ಮತ್ತೆ ಜಾಸ್ತಿ ಸಿಗತೊಡಗಿತ್ತು.

9 ಪಾಯಿಂಟ್ ಅಂದರೆ ಕಡಿಮೆ ಅಲ್ಲ, ಒಂದು ಮಾತ್ರೆಯ ಆಸುಪಾಸು. ಆದರೆ 36 ಜನ ಅಂದರೆ ಒಂದು ಕ್ರೂಸರ್ ಗಾಡಿಗೆ ಮೂರು ಟ್ರಿಪ್. ಮೇಲಾಗಿ ಅವರೆಲ್ಲ ಹೆಚ್ಚುಕಡಿಮೆ ಆರೋಗ್ಯವಾಗಿದ್ದವರು. ನಿಮ್ಮ ಹಾಗೆ ಮಾತ್ರೆ ತಗೊಂಡೂ 150ರ ಹತ್ತಿರ ನಿಂತವರಲ್ಲ. ಸರಾಸರಿ ಅನ್ನುವುದೂ ಮೋಸದ ಮಾತು. ಕೆಲವರಿಗೆ 15 ಇಳಿದಿರಬಹುದು, ಕೆಲವರಿಗೆ 2. ಹಾಗಾಗಿ ನಾನು ಇದನ್ನು ಮಾತ್ರೆಯ ಜೊತೆಗೆ ಕೊಡುತ್ತೇನೆ, ಮಾತ್ರೆಯ ಬದಲಿಗೆ ಅಲ್ಲ. ಮೊಣಕಾಲು ನೋವಿನವರಿಗೆ ತಪ್ಪದೇ ಹೇಳುತ್ತೇನೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಚುರ್ ಅನ್ನುತ್ತದೆ, ಗಟ್ಟಿ ಕಾಲಿನವರೇ ವಾಕಿಂಗ್ ಬಿಡುತ್ತಾರೆ. ಇದು ಫ್ಯಾನ್ ಕೆಳಗೆ ಕೂತು ಮಾಡುವಂಥದ್ದು.

ಯಂತ್ರ ಕೊಳ್ಳುವಾಗ ಇನ್‌ಸ್ಪಿರೇಟರಿ ಮಸಲ್ ಟ್ರೇನರ್ ಅಂತ ಕೇಳಿ. ಬರೀ ಲಂಗ್ ಎಕ್ಸರ್‌ಸೈಜರ್ ಅಂದರೆ ಮತ್ತೆ ಮೂರು ಚೆಂಡನ್ನೇ ಕೈಗೆ ಕೊಡುತ್ತಾರೆ. ಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಳಗೆ ಸ್ಪ್ರಿಂಗ್ ಹಾಕಿದ ವಾಲ್ವ್ ಇರುತ್ತದೆ, ತಿರುಗಿಸಿ ಬಿಗಿ ಮಾಡಬಹುದು. ನೀವು ಸಾಕಷ್ಟು ಜೋರಾಗಿ ಎಳೆದರೆ ಮಾತ್ರ ವಾಲ್ವ್ ತೆರೆಯುತ್ತದೆ, ಇಲ್ಲದಿದ್ದರೆ ಒಂದು ಹನಿ ಗಾಳಿಯೂ ಬರುವುದಿಲ್ಲ. ಇದರಲ್ಲೂ ಒಂದು ಎಚ್ಚರ. ದಮ್ಮಿನ ರೋಗಿಗಳಿಗೆ ಅಂತ ಮಾಡಿದ ಕೆಲವು ಯಂತ್ರಗಳ ಭಾರ 41 ಸೆಂಟಿಮೀಟರ್‌ಗೇ ಮುಗಿಯುತ್ತದೆ. ನಿಮಗೆ ಅದು ಸಾಲದು. ಡಬ್ಬಿಯ ಮೇಲೆ ಬರೆದ ಗರಿಷ್ಠ ಅಂಕಿ ನೋಡಿ, 90ರ ಮೇಲೆ ಇರಲಿ. ಮೊದಲು ಒಬ್ಬ ಫಿಜಿಯೋಥೆರಪಿಸ್ಟ್ ಹತ್ತಿರ ನಿಮ್ಮ ಬಲ ಎಷ್ಟಿದೆ ಅಂತ ಅಳೆಸಿಕೊಳ್ಳಿ. ಅಳೆಯದೆ ಭಾರ ಇಡುವುದು, ತಕ್ಕಡಿ ಇಲ್ಲದೆ ಬೇಳೆ ಕಟ್ಟಿಕೊಟ್ಟ ಹಾಗೆ.

ಮಾಡುವ ಕ್ರಮ ಸುಲಭ. ಬೆಳಗ್ಗೆ ಚಹಾ, ನಾಷ್ಟಾಕ್ಕೆ ಮೊದಲು ಮಾಡಿದರೆ ಒಳ್ಳೆಯದು. ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಿ. ಮೂಗಿಗೆ ಕ್ಲಿಪ್ ಹಾಕಿ. ಬಾಯಿಯ ತುದಿಯನ್ನು ತುಟಿಯಿಂದ ಗಟ್ಟಿಯಾಗಿ ಹಿಡಿಯಿರಿ, ಗಾಳಿ ಸೋರಬಾರದು. ಉಸಿರನ್ನು ಪೂರ್ತಿ ಹೊರಗೆ ಬಿಡಿ. ಆಮೇಲೆ ಒಂದೇ ಸಲಕ್ಕೆ ಜೋರಾಗಿ ಎಳೆಯಿರಿ, ಎದೆ ತುಂಬುವ ತನಕ. ನಂತರ ಆರಾಮಾಗಿ ಬಿಡಿ. ಹೀಗೆ ಆರು ಉಸಿರು, ಒಂದು ನಿಮಿಷ ಬಿಡುವು. ಮತ್ತೆ ಆರು. ಐದು ಸುತ್ತು ಆದರೆ ಮೂವತ್ತು. ಎಲ್ಲ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ. ವಾರಕ್ಕೆ ಆರು ದಿನ, ಒಂದು ದಿನ ರಜೆ. ಮೊದಲ ವಾರ ನಿಮ್ಮ ಬಲದ ಅರ್ಧದಷ್ಟು ಭಾರ ಇಡಿ, ಮೂರನೇ ವಾರಕ್ಕೆ ಮುಕ್ಕಾಲಿಗೆ ಬನ್ನಿ.

ಸರಿಯಾಗಿ ಮಾಡುತ್ತಿದ್ದೀರಾ ಅಂತ ತಿಳಿಯಲು ಎಡಗೈಯನ್ನು ಹೊಕ್ಕುಳಿನ ಮೇಲೆ ಇಡಿ. ಎಳೆದಾಗ ಕೈ ಮುಂದೆ ಬರಬೇಕು. ಭುಜ ಕಿವಿಯ ಕಡೆಗೆ ಏಳಬಾರದು. ಕನ್ನಡಿಯ ಮುಂದೆ ಕೂತರೆ ಇನ್ನೂ ಒಳ್ಳೆಯದು. ಆರನೇ ಉಸಿರು ಕಷ್ಟ ಅನಿಸಬೇಕು, ಮುಖ ಸ್ವಲ್ಪ ಕೆಂಪಾದರೂ ಪರವಾಗಿಲ್ಲ. ಆರನೆಯದೂ ಮೊದಲಿನಷ್ಟೇ ಸಲೀಸಾದರೆ ಭಾರ ಸಾಲದು. ತಲೆ ತಿರುಗಿದರೆ ಗಡಿಬಿಡಿ ಮಾಡುತ್ತಿದ್ದೀರಿ ಅಂತ ಅರ್ಥ. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ. ಎರಡು ಉಸಿರಿನ ನಡುವೆ ಸ್ವಲ್ಪ ತಡೆಯಿರಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ತೊಗರಿ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ಯಂತ್ರ ಕೊಟ್ಟು, ಒಂದು ಸಲ ಮಾಡಿ ತೋರಿಸಿ ಕಳಿಸಿದೆ. ಆರು ವಾರ ಬಿಟ್ಟು ಬಂದರು. ಬಿಪಿ ಇದ್ದಲ್ಲೇ ಇತ್ತು. "ದಿನಾ ಮಾಡೀನ್ರಿ ಸರ, ಒಂದ್ ದಿನಾನೂ ತಪ್ಪಿಸಿಲ್ಲ" ಅಂದರು. ನನ್ನ ಮುಂದೆ ಮಾಡಿ ತೋರಿಸಿ ಅಂದೆ. ಯಂತ್ರ ಬಾಯಿಗಿಟ್ಟು, ಪೀಪಿ ಊದಿದ ಹಾಗೆ ಊದಿಬಿಟ್ಟರು! ಆರು ವಾರ ಊದಿದ್ದಾರೆ ಪಾಪ. ತಪ್ಪು ಅವರದಲ್ಲ. ನಮ್ಮಲ್ಲಿ ಬಾಯಿಗೆ ಇಡುವ ವಸ್ತು ಅಂದರೆ ಊದುವುದೇ ರೂಢಿ. ನಾನು ಒಂದು ವಾರಕ್ಕೇ ಕರೆಸಿ ನೋಡಬೇಕಿತ್ತು. ಈಗ ಮೂರನೇ ದಿನವೇ ವಿಡಿಯೋ ಕಾಲ್ ಮಾಡಿ ತೋರಿಸಿ ಅನ್ನುತ್ತೇನೆ.

ಯಂತ್ರ ಬೇಡ, ಪ್ರಾಣಾಯಾಮ ಸಾಕು ಅನ್ನುವವರಿದ್ದಾರೆ. ನಿಮಿಷಕ್ಕೆ ಆರರಂತೆ ನಿಧಾನವಾಗಿ, ಬಿಡುವ ಉಸಿರು ಉದ್ದವಾಗಿ ಹತ್ತು ಹದಿನೈದು ನಿಮಿಷ ಉಸಿರಾಡಿದರೂ ಬಿಪಿ ಸ್ವಲ್ಪ ಇಳಿಯುತ್ತದೆ. ಖರ್ಚಿಲ್ಲ, ಅಪಾಯವಿಲ್ಲ, ಇವತ್ತೇ ಶುರು ಮಾಡಿ. ಆದರೆ ಅದರ ದಾರಿ ಬೇರೆ. ಅದು ನರಗಳ ಬಿಗುವನ್ನು ಶಾಂತ ಮಾಡುವುದು, ಇದು ಸ್ನಾಯುವಿಗೆ ಕಸರತ್ತು. ಕಪಾಲಭಾತಿ, ಭಸ್ತ್ರಿಕಾ, ತುಂಬಾ ಹೊತ್ತು ಉಸಿರು ಕಟ್ಟಿ ಹಿಡಿಯುವುದು ಮಾತ್ರ ಬಿಪಿ ಹಿಡಿತಕ್ಕೆ ಬರುವ ತನಕ ಬೇಡ.

ಇನ್ನು ಯಾರು ಈ ಯಂತ್ರ ಮುಟ್ಟಬಾರದು ಅನ್ನುವುದು ಮುಖ್ಯ. ಶ್ವಾಸಕೋಶ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬಿದ್ದ ಇತಿಹಾಸ ಇದ್ದವರು, ಕಿವಿ ತಮಟೆ ಹರಿದವರು, ಪಕ್ಕೆಲುಬು ಮುರಿದವರು, ಇತ್ತೀಚೆಗೆ ಎದೆ, ಹೊಟ್ಟೆಯ ಆಪರೇಷನ್ ಆದವರು, ಹೊಸದಾಗಿ ಲಕ್ವಾ ಅಥವಾ ಹಾರ್ಟ್ ಅಟ್ಯಾಕ್ ಆದವರು, ದೊಡ್ಡ ರಕ್ತನಾಳ ಉಬ್ಬಿದೆ ಅಂತ ಡಾಕ್ಟರ್ ಹೇಳಿದವರು, ಅಸ್ತಮಾ ಹಿಡಿತದಲ್ಲಿ ಇಲ್ಲದವರು. ಬಿಪಿ 180/120ರ ಹತ್ತಿರ ಇದ್ದರೆ ವ್ಯಾಯಾಮದ ಮಾತೇ ಇಲ್ಲ, ಮೊದಲು ಡಾಕ್ಟರ್. ಅದರ ಜೊತೆ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ನಡುರಾತ್ರಿ ಆದರೂ ಆಸ್ಪತ್ರೆಗೆ ಹೊರಡಬೇಕು.

ಈಗ ನಿಮ್ಮ 148/92. ಅಂಗಡಿಯಲ್ಲಿ ನೋಡುತ್ತೇನೆ ಅಂದಿರಿ. ನಾನು ಕಣ್ಣಿಗೆ ಕಟ್ಟಿಕೊಳ್ಳುತ್ತೇನೆ. ಗಾದಿಯ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತಿದ್ದೀರಿ. ಈಗಷ್ಟೇ ಚಹಾ ಆಗಿದೆ. ಒಂದು ಕೈಗೆ ಪಟ್ಟಿ, ಇನ್ನೊಂದು ಕೈಯಲ್ಲಿ ಫೋನು, ಬಾಯಲ್ಲಿ ಕಡಲೆಬೇಳೆ ರೇಟು. ಈ ಅಂಕಿಯನ್ನು ನಂಬಿ ಮಾತ್ರೆ ಏರಿಸುವುದೂ ತಪ್ಪು, ಇಳಿಸುವುದೂ ತಪ್ಪು. ನಮ್ಮ ಕ್ಲಿನಿಕ್ ಎರಡನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿ ಬಂದವರಿಗೆ ತಕ್ಷಣ ನೋಡಿದರೆ 160 ಇರುತ್ತದೆ, ಐದು ನಿಮಿಷ ಕೂರಿಸಿ ನೋಡಿದರೆ 146. ಮನುಷ್ಯ ಅವನೇ, ಮಷಿನ್ ಅದೇ.

ಹಾಗಾಗಿ ಯಂತ್ರ ಕೊಳ್ಳುವ ಮೊದಲು ಒಂದು ವಾರ ಮನೆಯಲ್ಲಿ ಸರಿಯಾಗಿ ಬಿಪಿ ನೋಡಿ. ಬೆಳಗ್ಗೆ ಮಾತ್ರೆಗೆ ಮೊದಲು ಒಮ್ಮೆ, ರಾತ್ರಿ ಒಮ್ಮೆ. ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಆನಿಸಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಿ. ಕೈ ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇರಲಿ. ಪಟ್ಟಿ ಬರಿ ತೋಳಿಗೆ ಸುತ್ತಿ, ಅಂಗಿಯ ಮೇಲೆ ಅಲ್ಲ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯಿರಿ. ಸಾಲದ ಖಾತೆ ಬರೆಯುವ ನಿಮಗೆ ಇದೇನು ಕಷ್ಟ ಅಲ್ಲ. ವ್ಯಾಯಾಮದ ಆರು ವಾರ ಮುಗಿದ ಮೇಲೆ ಮತ್ತೆ ಒಂದು ವಾರ ಹೀಗೇ ಬರೆಯಿರಿ. ಎರಡು ಪುಟ ಪಕ್ಕಪಕ್ಕ ಇಟ್ಟರೆ ನಿಮ್ಮ ಮೈಗೆ ಇದು ಹಿಡಿಸಿತಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಮಾತ್ರೆ ಬಿಡುವ ಯೋಚನೆ ಬಂದದ್ದು ಬಿಪಿಗಿಂತ ಕಾಲಿನ ಊತಕ್ಕೆ ಇರಬೇಕು ಅಂತ ನನ್ನ ಊಹೆ. ಅಮ್ಲೋಡಿಪಿನ್ ತಗೊಳ್ಳುವ ಕೆಲವರಿಗೆ ಹೀಗೆ ಪಾದ ಬಾತುಕೊಳ್ಳುವುದು ಸಾಮಾನ್ಯ. ದಿನವಿಡೀ ಕಾಲು ಇಳಿಬಿಟ್ಟು ಕೂತರೆ ಇನ್ನೂ ಜಾಸ್ತಿ. ಬಹಳ ಜನ ಡಾಕ್ಟರಿಗೆ ಹೇಳದೆ ಸುಮ್ನೆ ಮಾತ್ರೆ ನಿಲ್ಲಿಸುತ್ತಾರೆ, ಅಲ್ಲಿಂದ ತೊಂದರೆ ಶುರು. ಈ ಊತಕ್ಕೆ ದಾರಿ ಇದೆ. ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಜೊತೆ ಸೇರಿಸಬಹುದು, ಪೂರ್ತಿ ಬದಲಿಸಬಹುದು. ಅದನ್ನು ಮಾಡಬೇಕಾದವರು ನಿಮ್ಮ ಡಾಕ್ಟರ್, ನಾನಲ್ಲ. ಕಿಡ್ನಿ, ಹೃದಯದಿಂದಲೂ ಕಾಲು ಬಾಯುತ್ತದೆ, ಅದನ್ನೂ ಅವರು ನೋಡಬೇಕು. ಬಿಪಿ ಬರೆದ ಪುಸ್ತಕ ಹಿಡಿದು ಹೋಗಿ. ಆರು ವಾರದ ನಂತರ ಬಿಪಿ ನಿಜಕ್ಕೂ ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವ ಮಾತನ್ನು ಅವರೇ ಎತ್ತುತ್ತಾರೆ.

ಉಪ್ಪಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಏನೂ ಹೇಳಲಾರೆ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಅಡುಗೆ ಸೇರಿ ಒಂದು ಸಣ್ಣ ಚಮಚ. ಜೋಳದ ರೊಟ್ಟಿಯಲ್ಲಿ ಉಪ್ಪಿಲ್ಲ, ಅದು ನಮ್ಮ ಪುಣ್ಯ. ಪಕ್ಕದಲ್ಲಿ ಕೂರುವ ಶೇಂಗಾ ಹಿಂಡಿ, ಉಪ್ಪಿನಕಾಯಿ, ಸಂಜೆಯ ಮಿರ್ಚಿ ಭಜಿ ಲೆಕ್ಕ ಕೆಡಿಸುತ್ತವೆ.

ಕೊನೆಗೆ ನಿಮ್ಮ ಮನೆಯವರ ವಿಷಯ. ಪೊರೆ ಆಪರೇಷನ್ ಆಗಿ ಒಂದೇ ತಿಂಗಳು. ಜೋರು ಹಾಕುವ ಯಾವ ಕೆಲಸವೂ ಈಗ ಬೇಡ. ಕಣ್ಣಿನ ಡಾಕ್ಟರ್ ಆಯಿತು ಅಂದ ಮೇಲೆ ಶುರು ಮಾಡಲಿ, ಅಲ್ಲಿಯವರೆಗೆ ನಿಧಾನದ ಉಸಿರಾಟ ಸಾಕು. ಯಂತ್ರ ಒಂದೇ ಬೇಡ, ಅವರಿಗೊಂದು ಬೇರೆ ತನ್ನಿ. ಒಳಗಿನ ವಾಲ್ವ್‌ನಲ್ಲಿ ಇಬ್ಬರ ಎಂಜಲೂ ಸೇರುತ್ತದೆ, ಒಬ್ಬರಿಗೆ ನೆಗಡಿ ಬಂದರೆ ಇನ್ನೊಬ್ಬರಿಗೆ ಗ್ಯಾರಂಟಿ. ಭಾರವೂ ಬೇರೆ ಬೇರೆ. ನೀವು 70ಕ್ಕೆ ತಿರುಗಿಸಿಟ್ಟದ್ದನ್ನು ಅವರು ಗೊತ್ತಿಲ್ಲದೆ ಎಳೆದರೆ ಗಾಳಿಯೇ ಬರುವುದಿಲ್ಲ, ಕೆಟ್ಟಿದೆ ಅಂತ ಮೂಲೆಗೆ ಎಸೆಯುತ್ತಾರೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನಮ್ಮ ಬೋರಿನ ನೀರಿಗೆ ಬಿಳಿ ಪದರ ಕಟ್ಟಿ ವಾಲ್ವ್ ಹಿಡಿದುಕೊಳ್ಳುತ್ತದೆ, ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಮೂರು ಚೆಂಡಿನ ಡಬ್ಬಿಯನ್ನು ಎಸೆಯಬೇಡಿ. ಮೊಣಕಾಲು ಆಪರೇಷನ್ ಮಾಡಿಸುವ ಕಾಲ ಬಂದರೆ ಆಗ ಬೇಕಾಗುತ್ತದೆ.